ದೊರೆ ಊಟ ಬಿಟ್ಟ

"ಮುಟ್ಟಬೇಡಿ! ಆ ತಟ್ಟೆ ಮುಟ್ಟಿದ್ರೆ ನೋಡಿ ಮತ್ತೆ...!"

ಹಿಂಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟಿದ್ದ ಆ ಗಂಡಸು ಅಲ್ಲೇ ನಿಂತುಬಿಟ್ಟ. ಅವನ ಒಂದು ಕೈಯಲ್ಲಿ ಬೆಕ್ಕಿನ ಊಟದ ಡಬ್ಬಿ, ಇನ್ನೊಂದರಲ್ಲಿ ಚಮಚ. ಕಾಲ ಸುತ್ತ ನಾಲ್ಕು ಬೆಕ್ಕುಗಳು, ಹುಟ್ಟಿದ ಮೇಲೆ ಊಟದ ಮುಖವನ್ನೇ ಕಂಡಿಲ್ಲ ಅನ್ನೋ ಹಾಗೆ ಬಾಯಿ ಬಡಿದುಕೊಳ್ಳುತ್ತಿದ್ದವು.

ಅವಳು ಕೈಗೆ ಸಿಕ್ಕ ಸೌಟು ಎತ್ತಿ ಹಿಡಿದಿದ್ದಳು.

"ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

"ಬೀಗದ ಕೈ ಇದೆ ನನ್ನ ಹತ್ರ. ನೀವ್ಯಾರು?"

"ನಾನು ಈ ಮನೆ ಮಗಳು!"

"ಈ ಮನೆ ಅಮ್ಮಂಗೆ ಮಕ್ಕಳಿಲ್ವಲ್ಲ..."

"ತಂಗಿ ಮಗಳು! ತಂಗಿ ಮಗಳಾದ್ರೆ ಮಗಳಲ್ವಾ?"

ಅವನು ಸೌಟನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ತುಟಿ ತುದಿಯಲ್ಲಿ ನಗು ತಡೆದುಕೊಂಡ ಹಾಗಿತ್ತು.

"ಓಹೋ... ಕನ್ನಡಕದ ಅಂಗಡಿ ಪುಟ್ಟಿ! ನೀವೇನಾ?"

ಪುಟ್ಟಿ ಅಂತೆ, ಪುಟ್ಟಿ! ಮನೆಯವರು ಮಾತ್ರ ಕರೆಯೋ ಹೆಸರನ್ನು ಗುರುತಿಲ್ಲ ಪರಿಚಯವಿಲ್ಲದ ಈ ಮನುಷ್ಯ ಕರೆಯೋದಾ? ಅವಳ ಕಿವಿ ಬಿಸಿಯಾಯಿತು.

"ಇವೆಲ್ಲ ಈಗ ತಾನೇ ಉಂಡಿವೆ ರೀ! ಒದ್ದಾಡಿ ಒದ್ದಾಡಿ ಉಣಿಸಿದೀನಿ!"

ಅವನು ಬೆಕ್ಕುಗಳ ಕಡೆ ನೋಡಿದ. ಬೆಕ್ಕುಗಳು ಅವನ ಕಡೆ ನೋಡಿದವು. ಅದರಲ್ಲೂ ಗುಂಡ ಅನ್ನೋ ಕೆಂಚು ಬೆಕ್ಕು, ಹೊಟ್ಟೆ ನೆಲಕ್ಕೆ ತಾಗುತ್ತಿದ್ದರೂ, ಎಷ್ಟು ಸಂಕಟದಿಂದ ಕೂಗಿತು ಅಂದ್ರೆ ಕಲ್ಲೂ ಕರಗಬೇಕು.

"ಹಾಗಾದ್ರೆ ಸುಳ್ಳು ಹೇಳ್ತಿರೋದು ಇವಾ... ನೀವಾ?"

ಅವಳಿಗೆ ಕೋಪ ನೆತ್ತಿಗೇರಿತು. ಆ ಕೋಪದಲ್ಲೂ, ಅವನ ಎಡ ಹುಬ್ಬಿನ ಮೇಲೆ ಗ್ರೀಸ್ ಮೆತ್ತಿಕೊಂಡಿರೋದು ಕಣ್ಣಿಗೆ ಬಿತ್ತು. ಒರೆಸಿಬಿಡೋಣ ಅನ್ನಿಸಿತು.

'ಛೆ! ನನಗೇನು ತಲೆ ಕೆಟ್ಟಿದೆಯಾ?'

ನಡೆದಿದ್ದಿಷ್ಟೇ. ದೊಡ್ಡಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆಗೆ ಆಪರೇಷನ್ ಆಗಿ ಆಸ್ಪತ್ರೆ ಸೇರಿದ್ದಳು. ಮನೆಯಲ್ಲಿ ಐದು ಬೆಕ್ಕು. ಮಲಗಿದಲ್ಲಿಂದಲೇ ಫೋನ್ ಮಾಡಿ, "ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಪುಟ್ಟಿ? ಬೆಕ್ಕುಗಳನ್ನ ನೋಡ್ಕೊ" ಅಂದಿದ್ದಳು. ಇವಳು ಅಂಗಡಿ ಹತ್ತಿರದ ಹಾಸ್ಟೆಲಿನಿಂದ ಬಟ್ಟೆಬರೆ ಕಟ್ಟಿಕೊಂಡು ಓಡಿ ಬಂದಳು.

ಅದೇ ದೊಡ್ಡಮ್ಮ ಮಹಡಿ ಮೇಲಿನ ಬಾಡಿಗೆಯವನಿಗೂ ಫೋನ್ ಮಾಡಿ, "ನಿನ್ನ ಬಿಟ್ರೆ ನನಗ್ಯಾರಿದ್ದಾರೆ ಲಿಫ್ಟಪ್ಪ?" ಅಂದಿದ್ದಳು! ಅವನು ಲಿಫ್ಟ್ ರಿಪೇರಿ ಮಾಡುವವನು. ಹಾಗಾಗಿ ದೊಡ್ಡಮ್ಮನ ಬಾಯಲ್ಲಿ ಲಿಫ್ಟಪ್ಪ.

ನೋಡಿದ್ರಾ? ಒಂದೇ ಮಾತಿನಲ್ಲಿ ಇಬ್ಬರನ್ನೂ ಕಟ್ಟಿಹಾಕಿದ ಹೆಂಗಸು. ಹೋಗಲಿ, ಇಬ್ಬರಿಗೂ ಒಂದು ಮಾತು ತಿಳಿಸೋದು ಬೇಡ್ವಾ?

---

ಒಪ್ಪಂದ ಆಯಿತು. ಬೆಳಿಗ್ಗೆ ಅವಳು ಅಂಗಡಿ ಬಾಗಿಲು ತೆಗೆಯಲು ಬೇಗ ಹೊರಡಬೇಕು, ಹಾಗಾಗಿ ಬೆಳಗಿನ ಊಟ ಅವನದು. ಸಂಜೆ ಅವನಿಗೆ ಯಾವ ಕಟ್ಟಡದಿಂದ ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಸಂಜೆಯದು ಅವಳದು.

"ಈ ವಾರ ಪೂರ್ತಿ ಅಂಚೆ ಕಚೇರಿ ಹಿಂದಿನ ದೊಡ್ಡ ಕಟ್ಟಡದಲ್ಲಿ ಕೆಲಸ ಇದೆ," ಅಂದ ಅವನು. "ಏನಾದ್ರೂ ಬೇಕಿದ್ರೆ ಅಲ್ಲಿಗೇ ಬನ್ನಿ. ಫೋನ್ ಮಾಡಿದ್ರೆ ಸಿಗಲ್ಲ. ಲಿಫ್ಟಿನ ಗುಂಡಿಯೊಳಗೆ ಸಿಗ್ನಲ್ ಬರಲ್ಲ."

"ನನಗೆ ನಿಮ್ಮಿಂದ ಏನೂ ಬೇಕಾಗಲ್ಲ ಬಿಡಿ."

"ಸರಿ, ಬಿಟ್ಟೆ."

ಬೆಕ್ಕು ಸಾಕೋದು ಅಂದ್ರೆ ಏನಂದ್ಕೊಂಡ್ರಿ? ಒಂದು ಬಟ್ಟಲು ಹಾಲು, ಒಂದು ಮುದ್ದು, ಮುಗೀತು ಅಂತಲಾ? ಬನ್ನಿ, ಈ ಮನೆಗೆ ಒಂದು ಸಂಜೆ ಬನ್ನಿ!

ಮೊದಲು ಗುಂಡನನ್ನು ಬಚ್ಚಲಿಗೆ ತಳ್ಳಿ ಚಿಲಕ ಹಾಕಬೇಕು. ಇಲ್ಲದಿದ್ದರೆ ತನ್ನದನ್ನು ಕ್ಷಣದಲ್ಲಿ ನುಂಗಿ ಉಳಿದವರ ತಟ್ಟೆಗೆ ನುಗ್ಗುತ್ತಾನೆ. ಡಾಕ್ಟರ್ ಅವನಿಗೆ ಪಥ್ಯ ಹೇಳಿದ್ದಾರೆ, ಅವನು ಡಾಕ್ಟರ ಮಾತು ಕೇಳಬೇಕಲ್ಲ! ಆಮೇಲೆ ಸಾಸಿವೆ, ಅಂಗೈಯಷ್ಟು ಕರಿ ಮರಿ. ಅವಳ ಊಟ ಫ್ರಿಜ್ ಮೇಲೆ. ನೆಲದ ಮೇಲಿಟ್ಟರೆ ಮೂಸಿಯೂ ನೋಡಲ್ಲ. ಮಹಾರಾಣಿಯದು ಮಂಚದ ಕೆಳಗೆ, ಅದೂ ಯಾರೂ ನೋಡಬಾರದು. ಯಾರಾದರೂ ನೋಡಿದರೆ ಊಟ ಬಿಟ್ಟು ಎದ್ದು ಹೋಗುತ್ತಾಳೆ. ಗೊರಕೆ ಅನ್ನೋ ಬೂದು ಬೆಕ್ಕಿಗೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕೊಡಬೇಕು. ಗಬಗಬ ತಿಂದರೆ ಚಾಪೆ ಮೇಲೇ ಕಕ್ಕುತ್ತಾನೆ.

ಕೊನೆಗೆ ದೊರೆ.

ದೊರೆ ಮುದುಕ. ಬಿಳಿ ಮೈ, ಒಂದು ಕಿವಿ ಹರಿದಿದೆ. ದೊಡ್ಡಪ್ಪ ಕೋಟಿನ ಜೇಬಲ್ಲಿ ಹಾಕಿಕೊಂಡು ತಂದಿದ್ದ ಮರಿ. ದೊಡ್ಡಪ್ಪ ಹೋದರು, ಕೋಟೂ ಹೋಯಿತು, ದೊರೆ ಉಳಿದ. ಈಗ ಮೂತ್ರಪಿಂಡ ಕೆಟ್ಟಿದೆ. ಉಪ್ಪು ಸೋಕಿಸಬಾರದು, ಬೇರೆಯದೇ ಡಬ್ಬಿ ಊಟ, ಹಿಂದಿನ ಕೋಣೆಯಲ್ಲಿ ಬೇರೆಯದೇ ಜಾಗ.

"ಉಳಿದವೆಲ್ಲ ಹೇಗೋ ಬದುಕ್ಕೊಳ್ತವೆ ಪುಟ್ಟಿ," ದೊಡ್ಡಮ್ಮ ಆಸ್ಪತ್ರೆಯಿಂದ ದಿನವೂ ಅದನ್ನೇ ಹೇಳುತ್ತಿದ್ದಳು. "ದೊರೇನ ಮಾತ್ರ ಉಳಿಸಿಕೊಡು. ನಾನು ಮನೆಗೆ ಬಂದಾಗ ಅವನು ಬಾಗಿಲಲ್ಲಿ ಇರ್ಬೇಕು. ನಿಮ್ಮ ದೊಡ್ಡಪ್ಪಂದು ಅಂತ ಉಳಿದಿರೋದು ಅವನೊಬ್ಬನೇ ಕಣೇ..."

ಅಮ್ಮ ತೀರಿಕೊಂಡ ಮೇಲೆ ಇವಳನ್ನು ಮಡಿಲಿಗೆ ಹಾಕಿಕೊಂಡವಳು ದೊಡ್ಡಮ್ಮ. ಒಂದು ದಿನವೂ ಇವಳ ಹತ್ತಿರ ಏನನ್ನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಇದು.

ಆದರೆ ದೊರೆ ಸಂಜೆ ತಟ್ಟೆ ಮುಟ್ಟುತ್ತಿರಲಿಲ್ಲ!

ಅವಳು ತಟ್ಟೆ ಇಟ್ಟು, ಅತ್ತ ಬಚ್ಚಲ ಬಾಗಿಲು ಬಡಿಯುತ್ತಿದ್ದ ಗುಂಡನಿಗೆ ಗದರಿ, ಇತ್ತ ಗೊರಕೆ ಕಕ್ಕಿದ್ದನ್ನು ಒರೆಸಿ, ಒಲೆ ಪಕ್ಕ ನಿಂತೇ ಎರಡು ತುತ್ತು ನುಂಗಿ, ಓಡಿ ಬಂದು ನೋಡಿದರೆ... ತಟ್ಟೆ ಹಾಗೇ ಇರುತ್ತಿತ್ತು. ದೊರೆ ಅದರ ಪಕ್ಕ ಕೈಕಾಲು ಮಡಚಿ ಕೂತು ಬಾಗಿಲನ್ನೇ ನೋಡುತ್ತಿರುತ್ತಿದ್ದ.

"ತಿನ್ನೋ ಮಾರಾಯ! ನಿನ್ನ ಕಾಲಿಗೆ ಬೀಳ್ತೀನಿ, ಒಂದು ತುತ್ತು!"

ಊಹೂಂ.

ಮೂರು ಸಂಜೆ ಹೀಗೇ ಕಳೆದ ಮೇಲೆ ಅವಳು ಮಹಡಿ ಮೆಟ್ಟಿಲಲ್ಲೇ ಅವನನ್ನು ತಡೆದಳು.

"ಬೆಳಿಗ್ಗೆ ದೊರೆಗೆ ಎಷ್ಟು ಹಾಕ್ತೀರಿ?"

"ಡಬ್ಬಿ ಮೇಲೆ ಎಷ್ಟಿದೆಯೋ ಅಷ್ಟೇ. ಯಾಕೆ?"

"ಸಂಜೆ ಏನೂ ತಿಂತಿಲ್ಲ."

ಅವನ ಮುಖದ ತಮಾಷೆ ಇಳಿದುಹೋಯಿತು. "ಹೌದಾ? ಬೆಳಿಗ್ಗೆ ಪೂರ್ತಿ ಖಾಲಿ ಮಾಡ್ತಾನಲ್ಲ... ನೀವು ತಟ್ಟೆ ಇಟ್ಟು ಏನ್ಮಾಡ್ತೀರಿ?"

"ಏನ್ಮಾಡ್ತೀನಿ? ಉಳಿದ ನಾಲ್ಕು ಪಿಶಾಚಿಗಳ ಹಿಂದೆ ಓಡ್ತೀನಿ!"

"ಒಂಚೂರು ಕೂತ್ಕೊಂಡು..."

"ಕೂರೋಕೆ ಪುರುಸೊತ್ತೆಲ್ಲಿದೆ ರೀ? ನಿಮ್ಮ ಹಾಗೆ ನಾನೇನು ಲಿಫ್ಟಲ್ಲಿ ಓಡಾಡ್ತೀನಾ?"

ಅವನು ಮೆಟ್ಟಿಲು ಹತ್ತಿ ಹೋದ. ಆದರೆ ಮರುದಿನ ಸಂಜೆ ಅವಳು ಬಂದು ನೋಡಿದರೆ, ಸಡಿಲವಾಗಿ ಗುಂಡನ ಒಂದೇ ತಳ್ಳಿಗೆ ತೆರೆದುಕೊಳ್ಳುತ್ತಿದ್ದ ಬಚ್ಚಲ ಚಿಲಕ ಗಟ್ಟಿಯಾಗಿತ್ತು. ಫ್ರಿಜ್ ಪಕ್ಕ ಒಂದು ಪುಟ್ಟ ಹಲಗೆ ಬಂದಿತ್ತು, ಸಾಸಿವೆ ಹತ್ತಿ ಇಳಿಯಲಿ ಅಂತ.

ಅವಳು ಆ ಹಲಗೆಯನ್ನು ಒಮ್ಮೆ ಸವರಿದಳು. ಅಂಚನ್ನು ಉಜ್ಜಿ ನುಣ್ಣಗೆ ಮಾಡಿದ್ದ, ಮರಿಯ ಕಾಲಿಗೆ ಸಿಬಿರು ಚುಚ್ಚದ ಹಾಗೆ.

'ಒಳ್ಳೆಯವನೇ ಇರಬೇಕು...'

ಮನಸ್ಸು ಮೆತ್ತಗಾಯಿತು. ಮಲಗುವಾಗ ಆ ಗ್ರೀಸ್ ಹುಬ್ಬು ನೆನಪಾಗಿ, ನಗು ಬಂದು, ತನ್ನ ಮೇಲೆ ತನಗೇ ಸಿಟ್ಟೂ ಬಂತು!

---

ಗುರುವಾರ ಬೆಳಿಗ್ಗೆ ಅವಳು ಅಂಗಡಿಯ ಬೀಗದ ಕೈ ಮರೆತು ಅರ್ಧ ದಾರಿಯಿಂದ ಹಿಂತಿರುಗಿದಳು. ಒಳಗೆ ಕಾಲಿಟ್ಟರೆ ಮನೆ ತಣ್ಣಗಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರ ಮೆಲ್ಲಗೆ ಮಾತು.

"...ಇವತ್ತು ಕೆಲಸ ಜಾಸ್ತಿ ಇದೆಯಪ್ಪ ದೊರೆ. ಮೇಲಿನ ಮಹಡಿಯ ಹಗ್ಗ ಬದಲಾಯಿಸ್ಬೇಕು..."

ಅವಳು ಇಣುಕಿ ನೋಡಿದಳು.

ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ಅವನ ತಟ್ಟೆ, ಅದರಲ್ಲಿ ಬ್ರೆಡ್ಡು, ಉಪ್ಪು ಉದುರಿಸಿದ ಮೊಟ್ಟೆ. ದೊರೆಯ ಮೂತಿ ಆ ತಟ್ಟೆಯ ಅಂಚಿನಲ್ಲೇ ಇತ್ತು. ನೆಲದ ಮೇಲೆ ಮೊಟ್ಟೆಯ ಹಳದಿ ಚೂರು. ದೊರೆ ನಾಲಿಗೆ ಚಾಚಿ ಮೂತಿ ನೆಕ್ಕಿಕೊಂಡ.

ಅವಳ ಕಣ್ಣು ಕತ್ತಲಿಟ್ಟಿತು.

"ಓ... ಇದಾ ಸಮಾಚಾರ!"

ಅವನು ತಿರುಗಿ ನೋಡಿದ. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವನ ಹಾಗೆ ಕೆಂಪಾಗಿಹೋದ. ಅದೇ ಅವಳಿಗೆ ಸಾಕ್ಷಿಯಾಯಿತು.

"ದಿನಾ ಉಪ್ಪು ಹಾಕಿದ್ದನ್ನ ತಿನ್ನಿಸಿ ರುಚಿ ಹತ್ತಿಸಿದ್ದೀರಿ! ಅದಕ್ಕೇ ಸಂಜೆ ನಾನು ಕೊಡೋ ಸಪ್ಪೆ ಊಟ ಬೇಡ ಇದಕ್ಕೆ!"

"ಇಲ್ಲ ಕಣ್ರೀ, ಒಂದು ಚೂರೂ ಕೊಟ್ಟಿಲ್ಲ. ನಾನು ಸುಮ್ನೆ..."

"ಸುಮ್ನೆ ಏನು? ಬೇರೆ ಜಾಗ ಸಿಗಲಿಲ್ವಾ ನಿಮಗೆ ತಿನ್ನೋಕೆ? ಮೇಲೆ ಇಷ್ಟು ದೊಡ್ಡ ಕೋಣೆ ಇಟ್ಟುಕೊಂಡು ಬೆಕ್ಕಿನ ಮುಂದೆ ಬಂದು ಕೂರ್ತಾರಾ ಯಾರಾದ್ರೂ?"

ಅವನು ನೆಲದ ಮೇಲಿದ್ದ ಮೊಟ್ಟೆ ಚೂರನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಳ್ಳುತ್ತಂತೆ. ನೀವೂ ಹಾಗೇ ಅಂದ್ಕೊಂಡ್ರಾ? ದೊಡ್ಡಮ್ಮ ನಿಮ್ಮನ್ನ ನಂಬಿದ್ರು. ನಾನೂ... ನಾನೂ ನಂಬೋಕೆ ಶುರು ಮಾಡಿದ್ದೆ! ಕೊಡಿ ಬೀಗದ ಕೈ."

ಅವನು ಎದ್ದು ನಿಂತ. ಜೇಬಿಂದ ಬೀಗದ ಕೈ ತೆಗೆದು ಕಿಟಕಿ ಕಟ್ಟೆ ಮೇಲಿಟ್ಟ.

"ನಾನು ದೊರೆಗೆ ಕೆಟ್ಟದ್ದು ಮಾಡಲ್ಲ," ಅಂದ. ದನಿ ತಣ್ಣಗಿತ್ತು. "ಅಷ್ಟು ಗೊತ್ತಾದ್ರೆ ಸಾಕಿತ್ತು ನಿಮಗೆ."

ತಟ್ಟೆ ಎತ್ತಿಕೊಂಡು ಹೋಗಿಬಿಟ್ಟ. ದೊರೆ ಬಾಗಿಲವರೆಗೆ ಅವನ ಹಿಂದೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಕೂತ.

ಅವಳೂ ನಿಂತೇ ಇದ್ದಳು. ಗೆದ್ದವಳು ತಾನೇ, ಆದರೂ ಕಿಟಕಿ ಕಟ್ಟೆಯ ಬೀಗದ ಕೈ ಎತ್ತಿಕೊಳ್ಳಲು ಕೈ ಮುಂದೆ ಬರಲಿಲ್ಲ.

---

ಆ ಸಂಜೆ ದೊರೆ ಊಟ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆಯೂ ಮಾಡಲಿಲ್ಲ.

ಅವಳು ಊಟ ಬಿಸಿ ಮಾಡಿದಳು. ತಣ್ಣಗೆ ಮಾಡಿದಳು. ತಟ್ಟೆ ಬದಲಾಯಿಸಿದಳು. ಬೆರಳ ತುದಿಗೆ ಹಚ್ಚಿ ಮೂಗಿನ ಹತ್ತಿರ ಹಿಡಿದಳು. ದೊರೆ ಮರ್ಯಾದೆಯಿಂದ ಮುಖ ತಿರುಗಿಸಿದ. ಅಷ್ಟರಲ್ಲಿ ಮಂಚದ ಕೆಳಗೆ ಮಹಾರಾಣಿಯ ಊಟಕ್ಕೆ ಗೊರಕೆ ಬಾಯಿ ಹಾಕಿ, ಇಬ್ಬರಿಗೂ ಕುಸ್ತಿ ಹತ್ತಿ, ಹಾಲಿನ ಪಾತ್ರೆ ಉರುಳಿ, ಅಡುಗೆಮನೆ ತುಂಬ ಹಾಲು!

"ನೀವೆಲ್ಲ ಒಂದು ದಿನ ಉಪವಾಸ ಬಿದ್ದಿದ್ರೆ ಗೊತ್ತಾಗ್ತಿತ್ತು!" ಅವಳು ಕಿರುಚಿದಳು. ಕಿರುಚಿ, ಒದ್ದೆ ನೆಲದ ಮೇಲೆ ನಿಂತು ಅತ್ತಳು.

ಅಂಗಡಿಗೆ ರಜೆ ಹೇಳಿ ದೊರೆಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ, ಬಾಯಿ ತೆರೆದು, ರಕ್ತ ತೆಗೆದು ಎಲ್ಲ ನೋಡಿದರು.

"ಹೊಸ ಕಾಯಿಲೆ ಏನೂ ಕಾಣ್ತಿಲ್ಲಮ್ಮ. ಹಸಿವೂ ಇರ್ಬೇಕು. ಆದ್ರೆ ಬೆಕ್ಕು ಹೀಗೆ ಊಟ ಬಿಟ್ರೆ ಲಿವರ್ ಕೈಕೊಡುತ್ತೆ. ಈ ವಯಸ್ಸಿಗೆ ತಡೆಯಲ್ಲ. ನಾಳೆ ಮಧ್ಯಾಹ್ನದೊಳಗೆ ತಾನಾಗಿ ತಿನ್ಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ, ಮೂಗಿಗೆ ನಳಿಕೆ ಹಾಕೋಣ. ಅದನ್ನ ತಡ್ಕೊಳ್ಳುತ್ತಾ ಅಂತ ನಾನು ಮಾತು ಕೊಡೋಕಾಗಲ್ಲ."

ಸಂಜೆ ದೊಡ್ಡಮ್ಮನ ಫೋನು.

"ಭಾನುವಾರ ಮನೆಗೆ ಕಳಿಸ್ತಾರಂತೆ ಪುಟ್ಟಿ! ದೊರೆ ಹೇಗಿದ್ದಾನೆ?"

"ಚೆ... ಚೆನ್ನಾಗಿದ್ದಾನೆ ದೊಡ್ಡಮ್ಮ."

"ಉಂಡನಾ?"

"...ಹೂಂ."

"ನೀನು ಉಂಡ್ಯಾ? ನಿಂತ್ಕೊಂಡು ಉಣ್ಬೇಡ ಕಣೇ, ಮೈಗೆ ಹತ್ತಲ್ಲ."

ಫೋನ್ ಇಟ್ಟ ಮೇಲೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೇಲಿನ ಕೋಣೆಯಲ್ಲಿ ಏನೋ ಎಳೆದ ಸದ್ದು, ಪೆಟ್ಟಿಗೆ ಮುಚ್ಚಿದ ಸದ್ದು. 'ಹೋಗಿ ಕೇಳಲಾ? ಬೆಳಿಗ್ಗೆ ಇವನಿಗೆ ಹೇಗೆ ತಿನ್ನಿಸ್ತಿದ್ರಿ ಅಂತ?' ಮೆಟ್ಟಿಲವರೆಗೆ ಹೋದಳು. ಕಾಲು ಮುಂದೆ ಹೋಗಲಿಲ್ಲ. ಅಷ್ಟೆಲ್ಲ ಅಂದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳೋದು? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಹುಡುಗೀ, ಹತ್ತಬಾರದಾಗಿತ್ತಾ ಆ ಮೆಟ್ಟಿಲು? ಹೇಳಿದರೆ ಕೇಳುವವರಾರು!

---

ಶನಿವಾರ ಬೆಳಗಾಯಿತು. ದೊರೆ ಹಿಂದಿನ ಕೋಣೆಯ ಮೂಲೆಯಲ್ಲಿ ಕಣ್ಣು ಅರೆ ಮುಚ್ಚಿ ಕೂತಿದ್ದ. ತಟ್ಟೆ ಮುಂದೆಯೇ ಇತ್ತು. ಮೈಯ ಮೂಳೆ ಕೈಗೆ ಸಿಗುತ್ತಿತ್ತು.

ಅವಳಿಗೆ ಕೈಕಾಲಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಹಿಂದಿನ ದಿನ ಬೆಳಗಿನಿಂದ ತಾನೂ ಏನೂ ತಿಂದಿಲ್ಲ ಅನ್ನೋದು ತಲೆ ಸುತ್ತಿದಾಗಲೇ ನೆನಪಾಗಿದ್ದು. ಅಡುಗೆಮನೆಯಿಂದ ಒಣಗಿದ ಬ್ರೆಡ್ಡಿನ ತುಂಡು ತಂದಳು. ಇವತ್ತು ಯಾರ ಹಿಂದೆಯೂ ಓಡಲಾರೆ, ಗುಂಡ ಬೇಕಾದ್ರೆ ಮನೆಯನ್ನೇ ತಿನ್ನಲಿ ಅಂತ, ದೊರೆಯ ಪಕ್ಕ ಧೊಪ್ಪನೆ ಕುಸಿದಳು.

"ಸೋತೆ ಕಣೋ ದೊರೆ," ಅಂದಳು. "ನನ್ನ ಕೈಲಾಗಲಿಲ್ಲ..."

ಅಳುತ್ತಲೇ ಬ್ರೆಡ್ಡು ಕಚ್ಚಿದಳು.

ದೊರೆಯ ಹರಿದ ಕಿವಿ ಅಲುಗಿತು.

ಅವಳು ಅಗಿದಳು. ದೊರೆ ಕಣ್ಣು ತೆರೆದ. ಅವಳ ಬಾಯಿಯನ್ನೇ ನೋಡಿದ. ನಿಧಾನವಾಗಿ ಎದ್ದ, ತಟ್ಟೆಗೆ ಬಗ್ಗಿದ...

ಒಂದು ತುತ್ತು ತಿಂದ!

ಅವಳು ಬಾಯಲ್ಲಿದ್ದದ್ದನ್ನು ಅಗಿಯುವುದೂ ಮರೆತು ನೋಡಿದಳು. ದೊರೆಯೂ ನಿಲ್ಲಿಸಿ ಅವಳನ್ನೇ ನೋಡಿದ.

ಅವಳು ಇನ್ನೊಂದು ತುಂಡು ಮುರಿದು ಬಾಯಿಗಿಟ್ಟಳು. ದೊರೆ ಬಗ್ಗಿದ. ಇನ್ನೊಂದು ತುತ್ತು.

ಅವಳು ತಿಂದರೆ ಅವನು ತಿನ್ನುತ್ತಿದ್ದ. ಅವಳು ನಿಲ್ಲಿಸಿದರೆ ಕಾಯುತ್ತಿದ್ದ. ಒಣ ಬ್ರೆಡ್ಡು ಗಂಟಲಿಗೆ ಇಳಿಯದಿದ್ದರೂ, ಕಣ್ಣೀರಲ್ಲಿ ನೆನೆಸಿಕೊಂಡು, ದೊರೆಯ ತಟ್ಟೆ ಖಾಲಿಯಾಗುವವರೆಗೆ ಅವಳು ತಿಂದಳು.

ಮೊದಲು ಫೋನ್ ಮಾಡಿದ್ದು ದೊಡ್ಡಮ್ಮನಿಗೆ. ಸುಳ್ಳು ಹೇಳಿದ್ದು, ಹೆದರಿದ್ದು ಎಲ್ಲ ಒಂದೇ ಉಸಿರಲ್ಲಿ ಒಪ್ಪಿಸಿದಳು.

"ಅಯ್ಯೋ ನನ್ನ ಕರ್ಮವೇ! ಅವನು ಒಬ್ಬನೇ ಯಾವತ್ತು ಉಂಡಿದ್ದ?" ಅಂದಳು ದೊಡ್ಡಮ್ಮ. "ನಿಮ್ಮ ದೊಡ್ಡಪ್ಪ ಇವನನ್ನ ಪಕ್ಕ ಕೂರಿಸ್ಕೊಂಡೇ ಉಣ್ತಿದ್ರು. ಅವರು ಹೋದ ಮೇಲೆ ನಾನೂ ತಟ್ಟೆ ತಗೊಂಡು ಅಲ್ಲೇ ಕೂರ್ತಿದ್ದೆ. ಅದನ್ನೂ ಹೇಳ್ಬೇಕಾ? ಊಟ ಅಂದ್ರೆ ಕೂತು ಉಣ್ಣೋದು ತಾನೇ?"

"ದೊಡ್ಡಮ್ಮಾ!"

"ನೀನು ಕೂರಲ್ಲ ಅಂತ ನನಗೇನು ಗೊತ್ತು?"

ಅವಳು ಹಣೆ ಚಚ್ಚಿಕೊಂಡಳು. ಹಾಗಾದ್ರೆ ಅವನು... ಆ ಗುರುವಾರ... ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದ ಆ ಮನುಷ್ಯ...

ಕಾಲಿಗೆ ಚಪ್ಪಲಿಯೂ ಇಲ್ಲದೆ ಮಹಡಿಗೆ ಓಡಿದಳು. ಬಾಗಿಲಿಗೆ ಬೀಗ. ಕಿಟಕಿಯಿಂದ ನೋಡಿದರೆ ಹಾಸಿಗೆ ಸುತ್ತಿಟ್ಟಿದೆ, ಹಗ್ಗ ಬಿಗಿದ ಪೆಟ್ಟಿಗೆ ಬಾಗಿಲ ಹತ್ತಿರವೇ ಕೂತಿದೆ. ಫೋನ್ ಮಾಡಿದಳು. ಸಿಗಲಿಲ್ಲ. ಲಿಫ್ಟಿನ ಗುಂಡಿಯೊಳಗೆ ಸಿಗ್ನಲ್ ಬರಲ್ಲ...

---

ಅಂಚೆ ಕಚೇರಿ ಹಿಂದಿನ ಕಟ್ಟಡದ ಬಾಗಿಲಲ್ಲೇ ಹಲಗೆ ನೇತುಹಾಕಿತ್ತು. 'ಲಿಫ್ಟ್ ಕೆಟ್ಟಿದೆ.'

"ಗೊತ್ತು ಕಣಪ್ಪ, ಗೊತ್ತು!" ಅವಳು ಹಲಗೆಗೇ ಬೈದು ಮೆಟ್ಟಿಲು ಹತ್ತಿದಳು. ಕೈಯಲ್ಲಿ ಊಟದ ಡಬ್ಬಿ. ಒಂದು ಮಹಡಿಗೆ ಉಸಿರು ಹೋಯಿತು, ಇನ್ನೊಂದಕ್ಕೆ ಸೊಂಟ ಹೋಯಿತು. ಯಾವ ಮಹಡಿಯಲ್ಲೂ ಅವನಿಲ್ಲ. ಕಟ್ಟಡ ಕಟ್ಟಿದವನಿಗೂ ಶಾಪ ಹಾಕಿಕೊಂಡು ತುದಿ ಮಹಡಿ ತಲುಪಿದಳು.

ತೆರೆದ ಲಿಫ್ಟಿನ ಬಾಗಿಲಲ್ಲಿ ಎರಡು ಬೂಟು ಮಾತ್ರ ಕಾಣುತ್ತಿದ್ದವು. ಉಳಿದ ಮನುಷ್ಯ ಲಿಫ್ಟಿನ ಮೇಲ್ಛಾವಣಿಯೊಳಗಿದ್ದ.

"ಇಳಿದು ಬರ್ರೀ ಕೆಳಗೆ!"

ಏನೋ ಢಣ್ಣಂತ ಬಿತ್ತು. ಆಮೇಲೆ ಅವನ ಮುಖ ಇಳಿಯಿತು. ಗ್ರೀಸ್ ಈ ಸಲ ಎರಡೂ ಹುಬ್ಬಿಗೆ.

"ನೀವಾ? ಏನಾಯ್ತು? ದೊರೆಗೇನಾದ್ರೂ...?"

ಮೊದಲ ಮಾತೇ ದೊರೆಯದು.

"ಉಂಡ. ಇವತ್ತು ಉಂಡ. ನಾನು ಪಕ್ಕದಲ್ಲಿ ಕೂತು ತಿಂದ ಮೇಲೆ ಉಂಡ! ನೀವ್ಯಾಕ್ರೀ ಹೇಳ್ಲಿಲ್ಲ? ಅವನಿಗೆ ಜೊತೆ ಬೇಕು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ಎರಡು ದಿನ ಸತ್ತು ಬದುಕಿದ್ದೀನಿ ನಾನು!"

ಅವನು ಪಿಳಿಪಿಳಿ ನೋಡಿದ.

"ಅವನಿಗೆ... ಜೊತೆ ಬೇಕಿತ್ತಾ?"

"ಅಂದ್ರೆ? ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ."

"ಮತ್ಯಾಕೆ ದಿನಾ ತಟ್ಟೆ ತಗೊಂಡು ಕೆಳಗೆ ಬರ್ತಿದ್ರಿ?"

ಅವನು ಕೈಯ ಚಿಂದಿಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಅವಳ ಕಡೆ ನೋಡಲಿಲ್ಲ.

"ನನಗೆ ಜೊತೆ ಬೇಕಿತ್ತು," ಅಂದ. "ಅಪ್ಪ ಅಮ್ಮ ಇದ್ದಾಗ ನಾನು ಯಾವತ್ತೂ ಒಬ್ಬನೇ ಕೂತು ಉಂಡವನಲ್ಲ. ಮೇಲೆ ಆ ಕೋಣೇಲಿ ಒಬ್ಬನೇ ಕೂತ್ರೆ ತುತ್ತು ಇಳಿಯಲ್ಲ ಕಣ್ರೀ. ನಿಮ್ಮ ದೊಡ್ಡಮ್ಮ ಇದ್ದಾಗ ಕೆಲವೊಮ್ಮೆ ಕರೀತಿದ್ರು. ಅವರು ಆಸ್ಪತ್ರೆ ಸೇರಿದ ಮೇಲೆ... ದೊರೆ ಇದ್ದ. ಬೆಕ್ಕಿನ ಜೊತೆ ಕೂತು ತಿಂಡಿ ತಿಂತೀನಿ ಅಂತ ನಿಮ್ಮ ಹತ್ರ ಹೇಗೆ ಹೇಳ್ಕೊಳ್ಳಲಿ? ನಗ್ತೀರಿ ಅನ್ಕೊಂಡೆ. ನೀವು ನಗಲಿಲ್ಲ, ಬೈದ್ರಿ."

ಅವತ್ತು ಅವನು ಕೆಂಪಾಗಿದ್ದು ಕಳ್ಳತನಕ್ಕಲ್ಲ, ನಾಚಿಕೆಗೆ. ನೆಲದ ಚೂರು ಅವನ ತಟ್ಟೆಯಿಂದ ಉದುರಿದ್ದು, ದೊರೆ ನೆಕ್ಕಿಕೊಂಡದ್ದು ತನ್ನದೇ ಊಟ. ದಿನವೆಲ್ಲ ಊರವರ ಕಣ್ಣು ಪರೀಕ್ಷೆ ಮಾಡುವವಳು, ಎದುರಿಗೆ ಕೂತ ಒಬ್ಬ ಮನುಷ್ಯ ಕಾಣಲಿಲ್ಲವಲ್ಲ!

"ತಪ್ಪಾಯ್ತು," ಅಂದಳು. "ಆ ಹಲಗೆ ಉಜ್ಜಿ ನುಣ್ಣಗೆ ಮಾಡಿದ ಕೈ ಕೆಟ್ಟದ್ದು ಮಾಡಲ್ಲ ಅಂತ ನನಗೆ ತಿಳೀಬೇಕಿತ್ತು. ಪೆಟ್ಟಿಗೆ ಕಟ್ಟಿಟ್ಟಿದ್ದೀರಲ್ಲ... ಬಿಚ್ಚಿ."

"ಬೇರೆ ಮನೆಗೆ ಮಾತು ಕೊಟ್ಟಾಗಿದೆ."

"ಆ ಮನೇಲಿ ಬೆಕ್ಕಿದೆಯಾ?"

"...ಇಲ್ಲ."

"ಮತ್ತೆ ಯಾರ ಜೊತೆ ಉಣ್ತೀರಿ?"

ಅವಳು ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಬ್ರೆಡ್ಡು, ಮೊಟ್ಟೆ. ಉಪ್ಪು ಸ್ವಲ್ಪ ಜಾಸ್ತಿಯೇ ಬಿದ್ದಿತ್ತು, ಅವಸರದಲ್ಲಿ.

"ಊಟ ಆಯ್ತಾ?" ಅಂತ ಕೇಳಿದಳು.

ದಿನಕ್ಕೆ ನೂರು ಸಲ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಆದರೆ ಅದನ್ನು ಕೇಳುವಾಗ ಅವಳ ಕಣ್ಣು ತುಂಬಿತ್ತು.

"ಎರಡು ದಿನದಿಂದ ಸರಿಯಾಗಿ ಆಗಿಲ್ಲ," ಅಂದ ಅವನು.

"ನನಗೂ ಆಗಿಲ್ಲ. ಬನ್ನಿ, ಕೂತ್ಕೊಳ್ಳಿ."

ಅವನು ಒಂದು ಮೆಟ್ಟಿಲು ಬಿಟ್ಟು ಕೂತ. ಅವಳು ಅವನ ಕಡೆ ನೋಡಿದಳು. ಅವನು ಜರುಗಿ ಅದೇ ಮೆಟ್ಟಿಲಿಗೆ ಬಂದ. ಅವಳು ಸೆರಗಿನ ತುದಿಯಿಂದ ಅವನ ಎಡ ಹುಬ್ಬು ಒರೆಸಿದಳು, ಆಮೇಲೆ ಬಲದ್ದು. ಮೊದಲ ದಿನದಿಂದ ಬಾಕಿ ಇದ್ದ ಕೆಲಸ ಅದು.

---

ಭಾನುವಾರ ಆಂಬುಲೆನ್ಸಿನವರು ದೊಡ್ಡಮ್ಮನನ್ನು ಗಾಲಿಕುರ್ಚಿಯಲ್ಲಿ ಒಳಗೆ ತಂದಾಗ ಬಾಗಿಲಲ್ಲಿ ದೊರೆ ಇದ್ದ. ಸೊರಗಿದ್ದ, ಆದರೆ ಇದ್ದ. ದೊಡ್ಡಮ್ಮ ಅವನನ್ನು ಮಡಿಲಿಗೆ ಎತ್ತಿಕೊಂಡು, ಹರಿದ ಕಿವಿಗೆ ಕೆನ್ನೆ ಒತ್ತಿ ಅತ್ತಳು.

ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ಯಾರ್ಯಾರು ಉಂಡ್ರಿ?"

ಯಾರೂ ಉಂಡಿರಲಿಲ್ಲ. ಅವನು ಗುಂಡನನ್ನು ಹೊತ್ತುಕೊಂಡು ಹೋಗಿ ಬಚ್ಚಲಿಗೆ ಬಿಟ್ಟ. ಅವಳು ಸಾಸಿವೆಯ ತಟ್ಟೆ ಫ್ರಿಜ್ ಮೇಲಿಟ್ಟಳು. ಮಹಾರಾಣಿಗೆ ಬೆನ್ನು ತೋರಿಸಿದರು, ಗೊರಕೆಗೆ ಹರಡಿ ಕೊಟ್ಟರು. ಇಬ್ಬರ ನಾಲ್ಕು ಕೈಗೂ ಸಾಲದಷ್ಟು ಕೆಲಸ, ಆದರೂ ಮುಗಿಯಿತು.

ಹಿಂದಿನ ಕೋಣೆಯಲ್ಲಿ ದೊಡ್ಡಮ್ಮ ಕುರ್ಚಿಯಲ್ಲೇ ಮಡಿಲ ಮೇಲೆ ತಟ್ಟೆ ಇಟ್ಟುಕೊಂಡಳು. ನೆಲದ ಮೇಲೆ ಅವಳು, ಅವನು, ನಡುವೆ ದೊರೆ.

"ಲಿಫ್ಟಪ್ಪ, ಪುಟ್ಟಿ ಎಲ್ಲ ಹೇಳಿದ್ಳು. ಆ ಪೆಟ್ಟಿಗೆ ಬಿಚ್ಚಿದ್ಯಾ?" ದೊಡ್ಡಮ್ಮ ಕೇಳಿದಳು.

"ಬಿಚ್ಚಿದೆ ಅಮ್ಮ."

"ಪುಟ್ಟಿ, ಹಾಸ್ಟೆಲ್‌ಗೆ ಯಾವಾಗ ಹೋಗ್ತೀಯೆ?"

"ಹೋಗಲ್ಲ ದೊಡ್ಡಮ್ಮ."

ದೊಡ್ಡಮ್ಮ ತಟ್ಟೆಯ ಕಡೆ ಮುಖ ತಿರುಗಿಸಿ ನಗು ಮುಚ್ಚಿಕೊಂಡಳು.

ಅವನು ಅವಳ ಕಡೆ ಸ್ವಲ್ಪ ಬಗ್ಗಿದ. ದನಿ ತಗ್ಗಿಸಿ ಕೇಳಿದ, "ಪುಟ್ಟಿ ಅನ್ನಬಹುದಾ ಈಗ?"

"ಅಂದು ನೋಡಿ."

"ಪುಟ್ಟಿ... ದೊರೆ ಜೊತೆ ಬೆಳಿಗ್ಗೆ ನಾನು ಕೂರ್ತೀನಿ, ಸಂಜೆ ನೀವು ಕೂರ್ತೀರಿ. ಆದ್ರೆ ನನಗೆ ಸಂಜೆ ಯಾರು?"

ಬಚ್ಚಲಲ್ಲಿ ಗುಂಡ ಬಾಗಿಲು ಬಡಿಯತೊಡಗಿದ. ಅವಳು ಏಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ತಟ್ಟೆಯ ಮುಂದೆ ಕಾಲು ಮಡಚಿ ಕೂತಿದ್ದಳು, ಏಳುವ ಮನಸ್ಸೇ ಇರಲಿಲ್ಲ.

"ನೀವು ಎಷ್ಟು ತಡವಾಗಿ ಬಂದ್ರೂ ಕಾಯ್ತೀನಿ," ಅಂದಳು. "ದೊರೆ ಮತ್ತು ನಾನು, ಇಬ್ಬರೂ."

"ದಿನಾ?"

"ದಿನಾ. ಈಗ ತುತ್ತು ಎತ್ತಿ ಮಾರಾಯರೇ, ಅವನು ನಿಮ್ಮನ್ನೇ ನೋಡ್ತಿದ್ದಾನೆ."